ಕೌದಿ ಹೊದ್ದ ಮಾಳಿಗೆ

ವೈಶಾಖದ ಬೇಸಿಗೆಯಲ್ಲಿ ಮನುಷ್ಯರಿಗೆ ಚಳಿಯಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ಕಾಲದ ಜನ ಮೊದಲು ಅವನ ಹಣೆ ಮುಟ್ಟಿ ನೋಡುತ್ತಿದ್ದರು. ಕಲಬುರಗಿ ಸೀಮೆಗೆ ಬಿಸಿಲು ಹೊಸದಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಅಲ್ಲಿಯವರು ಬಿಸಿಲನ್ನು ಮನೆಗೆ ಬಂದು ಕೂತ ಜಗಳಗಂಟ ನೆಂಟನ ಹಾಗೆ ಬೈಯುತ್ತಲೇ ಸಹಿಸಿಕೊಂಡು ಬಂದವರು. ಹೊಸದಾಗಿದ್ದು ರಾತ್ರಿ. ಹೊತ್ತು ಮುಳುಗಿದ ಮೇಲೂ ನೆಲ ಆರದೆ, ಗಾಳಿ ಆರದೆ, ಕೋಳಿ ಕೂಗುವ ಹೊತ್ತಿಗೂ ಮೈ ಬೆವರುವ ವರ್ಷಗಳು ಬಂದಾಗ ಆ ಗಟ್ಟಿ ಜನವೂ ಸೋತರು. ರಾತ್ರಿ ಮಲಗಿದ ಮುದುಕರು, ಕೂಸುಗಳು ಬೆಳಿಗ್ಗೆ ಏಳದೆ ಹೋದ ಒಂದೆರಡು ಬೇಸಿಗೆಗಳು ಕಳೆದ ಮೇಲೆ ಸರ್ಕಾರ ಊರೂರಿಗೆ ತಂಪಿನ ಶೆಡ್ಡು ಕಟ್ಟಿಸಿತು. ಗೋದಾಮಿನಷ್ಟು ದೊಡ್ಡ ಕಟ್ಟಡ, ಒಳಗೆ ಯಂತ್ರದ ತಣ್ಣನೆ ಗಾಳಿ, ಸಾಲಾಗಿ ಮಂಚಗಳು, ಮಂಚ ಮಂಚದ ನಡುವೆ ಒಂದು ಪರದೆ. ಮನೆಯಲ್ಲಿ ಯಂತ್ರ ಇಟ್ಟುಕೊಳ್ಳುವ ಶಕ್ತಿ ಇಲ್ಲದವರೆಲ್ಲ ಅಲ್ಲಿಗೆ ಹೋದರು. ಒಂದು ಬೇಸಿಗೆಗೆ ಎಂದು ಹೋದವರು ಅಲ್ಲೇ ಉಳಿದರು. ಮದುವೆಗಳಾದವು, ಮಕ್ಕಳಾದವು, ಆ ಮಕ್ಕಳಿಗೆ ಮೀಸೆ ಬಂತು.

ಹಾಸಗಲ್ಲ ಎಂಬ ಖಣಿಯೂರಿನ ಶೆಡ್ಡಿನಲ್ಲಿದ್ದ ಕಲ್ಲು ಒಡೆಯುವ ಜನಕ್ಕೆ ಕೊನೆಗೂ ಮನೆ ಕೊಡುವ ಕೆಲಸ ಬಿದ್ದದ್ದು ನೀಲಗಂಗಾಳ ಪಾಲಿಗೆ. ಅವಳು ನೆರಳು ಗೃಹ ಕಾರ್ಖಾನೆಯ ಮುಖ್ಯ ವಿನ್ಯಾಸಗಾರ್ತಿ. ಕಾರ್ಖಾನೆಯಲ್ಲೇ ಗೋಡೆ, ಬಾಗಿಲು, ಮಾಳಿಗೆ ಎಲ್ಲ ಜೋಡಿಸಿ, ಇಡೀ ಮನೆಯನ್ನು ಲಾರಿಯ ಮೇಲೇರಿಸಿ ತಂದು ಕಲ್ಲುಹಾಸಿನ ಮೇಲೆ ಇಳಿಸಿಬಿಡುವ ಕೆಲಸ ಅವರದು. ಬೆಳಿಗ್ಗೆ ಬಯಲು, ಸಂಜೆಗೆ ಓಣಿ. ವಯಸ್ಸು ಐವತ್ತು ದಾಟಿದ ನೀಲಗಂಗಾ ಹಾಸಗಲ್ಲದಲ್ಲೇ ಬೆಳೆದವಳು. ತಾಯಿ ಇಲ್ಲದ ಅವಳನ್ನು ಸಾಕಿದ ಸೋದರತ್ತೆ ಭಾಗಮ್ಮ ಇನ್ನೂ ಆ ಶೆಡ್ಡಿನಲ್ಲಿದ್ದಳು. ‘ಕಲಬುರಗ್ಯಾಗ ನನ್ನ ಜೊತಿಗೆ ಇರು’ ಎಂದು ನೀಲಗಂಗಾ ಕರೆದು ಕರೆದು ಸೋತಿದ್ದಳು. ‘ನನ್ನ ಮಂದಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ’ ಎನ್ನುವುದು ಮುದುಕಿಯ ಮಾತು.

ನೀಲಗಂಗಾ ರೂಪಿಸಿದ ಮನೆಯ ಗುಟ್ಟೆಲ್ಲ ಇದ್ದದ್ದು ಮಾಳಿಗೆಯಲ್ಲಿ, ಅಂದರೆ ಮೇಲಿನ ಚಪ್ಪಟೆ ಚಾವಣಿಯಲ್ಲಿ. ಮೋಡವಿಲ್ಲದ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದಲ್ಲ, ಅದು ಯಾಕೆಂದರೆ ಹುಲ್ಲು ತನ್ನ ಶಾಖವನ್ನು ಸುಮ್ಮನೆ ಆಕಾಶಕ್ಕೆ ಚೆಲ್ಲಿಬಿಡುತ್ತದೆ, ಸುತ್ತಲಿನ ಗಾಳಿಗಿಂತ ತಾನು ತಣ್ಣಗಾಗುತ್ತದೆ. ಅದೇ ಗುಣ ನೂರು ಪಾಲು ಹೆಚ್ಚಿರುವ ಒಂದು ಬೆಳ್ಳನೆ ಹಾಳೆಯನ್ನು ಕಾರ್ಖಾನೆ ತಯಾರಿಸಿತ್ತು. ಹೆಸರು ಇಬ್ಬನಿ ಹಾಳೆ. ಅದನ್ನು ಮಾಳಿಗೆಯ ಮೇಲೆ ಅಂಟಿಸಿದರೆ ರಾತ್ರಿಯೆಲ್ಲ ಮನೆಯ ಶಾಖವನ್ನು ಮುಗಿಲಿಗೆ ಕಳಿಸುತ್ತಿತ್ತು. ಹಾಳೆಯ ಕೆಳಗೆ ಒಂದು ಬಗೆಯ ಉಪ್ಪು ತುಂಬಿದ ಹಲಗೆ. ರಾತ್ರಿಯ ತಂಪಿಗೆ ಉಪ್ಪು ಗಟ್ಟಿಯಾಗುವುದು, ಹಗಲು ಕರಗುತ್ತ ಕೋಣೆಯ ಸೆಕೆಯನ್ನು ನುಂಗುವುದು. ವಿದ್ಯುತ್ತು ಬೇಡ, ಯಂತ್ರ ಬೇಡ, ಸದ್ದಿಲ್ಲ. ಕಲ್ಲು ಒಡೆಯುವವನೂ ಕೊಳ್ಳಬಹುದಾದ ಮನೆ.

ಕೊಳ್ಳಬಹುದಾದ ಮನೆ ಮಾಡಲು ಅವಳು ಏನೇನು ಕಿತ್ತುಹಾಕಿದ್ದಳೋ ಅವಳಿಗೇ ಗೊತ್ತು. ಮೊದಲು ಹೋದದ್ದು ಮೆಟ್ಟಿಲು. ಮಾಳಿಗೆ ಹತ್ತುವ ಮೆಟ್ಟಿಲಿಗೆ ತಗಲುವ ಕಬ್ಬಿಣದಲ್ಲಿ ಅಡುಗೆಮನೆಯ ಒಂದು ಗೋಡೆ ಎದ್ದು ನಿಲ್ಲುತ್ತಿತ್ತು. ನಕ್ಷೆಯಿಂದ ಮೆಟ್ಟಿಲನ್ನು ಅಳಿಸಿದ ದಿನ ಅವಳಿಗೆ ಊಟ ಸೇರಿರಲಿಲ್ಲ. ಏಕೆಂದರೆ ಹಾಸಗಲ್ಲ ಎಂದರೆ ಅವಳಿಗೆ ಖಣಿಯಲ್ಲ, ಧೂಳಲ್ಲ, ಶಾಲೆಯೂ ಅಲ್ಲ. ಬೇಸಿಗೆಯ ಮಾಳಿಗೆ. ಸಂಜೆ ನೀರು ಚಿಮುಕಿಸಿ ತಣಿಸಿದ ಹಾಸುಗಲ್ಲು, ಅದರ ಮೇಲೆ ಅಂಚಿನಿಂದ ಅಂಚಿಗೆ ಹಾಸಿದ ಜಮಖಾನೆ, ಮಗ್ಗುಲಲ್ಲಿ ಬಳೆಯ ಸದ್ದು, ಕತ್ತಲಲ್ಲಿ ಯಾರೋ ಹೆಂಗಸು ಮೆಲ್ಲಗೆ ಗುನುಗುವ ಹಾಡು, ಕಣ್ಣು ಮುಚ್ಚುವವರೆಗೂ ಮೇಲೆ ಚುಕ್ಕೆಗಳು. ಆ ನಿದ್ದೆ ಮತ್ತೆ ಅವಳಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ನಮ್ಮ ಮಾಳಿಗೆ, ನಮ್ಮ ಮಾಳಿಗೆ ಎಂದು ಅವಳು ಗೆಳತಿಯರ ಮುಂದೆ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಇನ್ನೊಂದು ಸಂಗತಿ. ಮನೆ ಹೇಗಿರಬೇಕು ಎಂದು ಕೇಳಲು ಅವಳು ಶೆಡ್ಡಿಗೆ ಹೋದಾಗ ಎಲ್ಲರೂ ಒಂದೇ ಮಾತು ಹೇಳಿದ್ದರು. ಭಾಗಮ್ಮನೇ ಎಲ್ಲರಿಗಿಂತ ಮುಂದೆ ನಿಂತು, “ಗ್ವಾಡಿ ನಮ್ಮದೇ ಇರಬೇಕು ನೋಡವಾ. ಯಾರ ಗ್ವಾಡಿಗೂ ನಮ್ಮ ಗ್ವಾಡಿ ಹತ್ತಬಾರ್ದು. ಪರದಿ ಹಿಂದ ಬದುಕಿ ಬದುಕಿ ಸಾಕಾಗ್ಯಾದ” ಎಂದಿದ್ದಳು. ಅದರಂತೆ, ಭಾಗಮ್ಮ ಮತ್ತು ಶೆಡ್ಡಿನ ಕೆಲವು ಮನೆಯವರಿಗೆಂದು ಮೊದಲು ಇಳಿಸಿದ ಮಾದರಿ ಓಣಿಯ ಮನೆ ಮನೆಯ ನಡುವೆ ಒಬ್ಬಾಳು ಓಡಾಡುವಷ್ಟು ಸಂದಿ ಬಿಟ್ಟಿದ್ದಾಯಿತು.

ಆ ಓಣಿಗೆ ಈಗ ಪರೀಕ್ಷೆಯ ಕಾಲ. ಬೇಸಿಗೆಯ ಕಡು ದಿನಗಳಲ್ಲಿ ಮಧ್ಯಾಹ್ನ ಕೋಣೆಯ ಒಳಗೆ ಮೂವತ್ತು ಡಿಗ್ರಿ ದಾಟಬಾರದು ಎನ್ನುವುದು ವಸತಿ ಮಂಡಳಿಯ ಕಟ್ಟಳೆ. ದಾಟದಿದ್ದರೆ ಶೆಡ್ಡಿನ ಎಲ್ಲರಿಗೂ ಮನೆ. ದಾಟಿದರೆ ಮಾದರಿ ಓಣಿಯವರೂ ಗಂಟುಮೂಟೆ ಕಟ್ಟಿಕೊಂಡು ಶೆಡ್ಡಿಗೆ ವಾಪಸು, ಆ ಶೆಡ್ಡಿನ ಮೇಲೆ ಇನ್ನೊಂದು ಅಂತಸ್ತು. ಅದಾದ ಮೇಲೆ ಈ ಜನ್ಮದಲ್ಲಿ ಇವರಿಗೆ ಮನೆಯಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಮೊದಲ ವಾರ ಮನೆಗಳು ಜಾಣ ಮಕ್ಕಳ ಹಾಗೆ ತಣ್ಣಗಿದ್ದವು. ಎರಡನೆಯ ವಾರ ಒಂದು ಮನೆ ಬಿಸಿಯಾಯಿತು, ಅದು ಭಾಗಮ್ಮನದು. ಮಾರನೆಯ ದಿನ ಅದರ ಪಕ್ಕದ್ದು. ಆಮೇಲೆ ಸಾಲಾಗಿ ಎಲ್ಲವೂ.

“ಹಾಳೆ ಕೆಟ್ಟದ ಮೇಡಂ,” ಎಂದ ರೇವಣಸಿದ್ಧ. ಅವನು ಕಾರ್ಖಾನೆಯ ನಿಗಾ ಕೊಠಡಿಯ ಎಂಜಿನಿಯರು, ಮೂವತ್ತರ ಹುಡುಗ, ಮನೆಗಳಿಂದ ಬರುವ ಅಂಕಿಗಳನ್ನು ಹಗಲೂರಾತ್ರಿ ಕಾಯುವುದೇ ಅವನ ಕೆಲಸ. “ಮಧ್ಯಾಹ್ನ ಮೂವತ್ಮೂರು ಮುಟ್ಲಾಕತ್ತದ. ಉಪ್ಪು ರಾತ್ರಿ ಗಟ್ಟಿನೇ ಆಗವಲ್ದು.”

“ಒಂದು ಮನೆಯದಾದರೆ ಹಾಳೆ ಕೆಟ್ಟಿದೆ ಅನ್ನಬಹುದು. ಸಾಲಾಗಿ ಒಂದಾದ ಮೇಲೊಂದು ಕೆಡಲಿಕ್ಕೆ ಅದೇನು ನೆಗಡಿಯೇ?” ಎಂದಳು ನೀಲಗಂಗಾ.

ಅಂದೇ ಹಾಸಗಲ್ಲಕ್ಕೆ ಹೋದಳು. ಭಾಗಮ್ಮನ ಮನೆ ಓಣಿಯ ಮೊದಲನೆಯದು, ರಸ್ತೆಗೆ ಹತ್ತಿಕೊಂಡಂತೆ. ಮುದುಕಿ ಬಾಗಿಲಲ್ಲೇ ಕೂತು ಬೆವರೊರೆಸಿಕೊಳ್ಳುತ್ತಿದ್ದಳು.

“ಏನ್ ನೀಲಾ, ಇಷ್ಟ್ ಬಿಸಲಾಗ ಬಂದಿ? ಕುಂದ್ರು, ನೀರು ಕುಡಿ.”

“ಅತ್ತಿ, ಮನ್ಯಾಗ ಸೆಕಿ ಆಗ್ಲಾಕತ್ತದೇನು?”

“ಮಧ್ಯಾನ್ದಾಗ ಒಂದೀಟು ಆಗ್ತದ. ಅದೇನ್ ದೊಡ್ಡ ಮಾತು ಬಿಡು.”

“ಮಾಳಗಿ ಮ್ಯಾಲ ಯಾರಾದ್ರೂ ಏನಾದ್ರೂ ಇಟ್ಟಾರೇನು? ಸಂಡಿಗಿ ಗಿಂಡಿಗಿ?”

ಪಕ್ಕದ ಮನೆಯ ಹಲೀಮಾಬಿ ಸಂದಿಯಿಂದ ಇಣುಕಿ, “ಸಂಡಿಗಿ ಇಟ್ ನೋಡಿದ್ವಿ. ಆ ಥಂಡಿ ಮಾಳಗಿ ಮ್ಯಾಲ ಸಂಡಿಗಿ ಎಲ್ಲಿ ಒಣಗಬೇಕವಾ? ಬೂಸರು ಬಂತು, ಚೆಲ್ಲಿದ್ವಿ” ಎಂದು ನಕ್ಕಳು. ಹಲೀಮಾಬಿ ಶೆಡ್ಡಿನಲ್ಲಿ ಭಾಗಮ್ಮನ ಪಕ್ಕದ ಮಂಚದವಳು. ಇಬ್ಬರೂ ದಿನಕ್ಕೊಮ್ಮೆ ಜಗಳವಾಡದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ಇವತ್ತು ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿಗೆ ಬೀಗ ಹಾಕಿದರು.

ಹೊರಡುವಾಗ ನೀಲಗಂಗಾಳ ಕಣ್ಣಿಗೆ ಬಿದ್ದದ್ದು ಹಗ್ಗದ ಮೇಲೆ ಹರವಿದ ಒಂದು ಕೌದಿ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ದಪ್ಪನೆ ಹೊದಿಕೆ. ಆ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಯಾರಿಗೂ ಕೌದಿ ಬೇಕಾಗಿರಲಿಲ್ಲ. “ಇದ್ಯಾಕ ಅತ್ತಿ?” ಎಂದು ಕೇಳಿದಳು. “ಟ್ರಂಕಿನ್ಯಾಗ ವಾಸ್ನಿ ಹಿಡದಿತ್ತು, ಬಿಸಲಿಗೆ ಹಾಕೀನಿ” ಎಂದಳು ಭಾಗಮ್ಮ. ಅದೂ ಸರಿ ಎನ್ನಿಸಿತು.

ಎರಡು ದಿನ ಬಿಟ್ಟು ರೇವಣಸಿದ್ಧ ಒಂದು ಚಿತ್ರ ತೋರಿಸಿದ. ನಸುಕಿನಲ್ಲಿ ಡ್ರೋನ್ ಹಾರಿಸಿ ಮೇಲಿನಿಂದ ತೆಗೆದ ಶಾಖದ ಚಿತ್ರ. ತಣ್ಣಗಿರುವ ಜಾಗ ನೀಲಿ, ಬಿಸಿಯಾಗಿರುವ ಜಾಗ ಕೇಸರಿ. ಮಾಳಿಗೆಗಳೆಲ್ಲ ನೀಲಿಯಾಗಿ ಇರಬೇಕಾಗಿತ್ತು. ಪ್ರತಿ ಮಾಳಿಗೆಯ ಮೇಲೂ ಚೌಕ ಚೌಕವಾದ ಕೇಸರಿ ತೇಪೆಗಳು ಬಿದ್ದಿದ್ದವು.

“ಹಾಳೆ ಎದ್ದು ಬಂದಿರಬೇಕು. ಆದರೆ ಒಂದು ವಿಚಿತ್ರ ನೋಡ್ರಿ,” ಎಂದು ಅವನು ಇನ್ನೊಂದು ಚಿತ್ರ ಪಕ್ಕಕ್ಕಿಟ್ಟ. “ಈ ತೇಪಿಗಳು ಸರಿದಾಡ್ಲಾಕತ್ತಾವ. ಇಲ್ಲಿದ್ದದ್ದು ಇಲ್ಲಿಗಿ ಬಂದದ. ಇದು ಎರಡಿದ್ದದ್ದು ಒಂದಾಗ್ಯಾದ.”

ನೀಲಗಂಗಾ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ಉದ್ದನೆಯ ತೇಪೆ, ಅದರ ಮಗ್ಗುಲಿಗೆ ಅಂಟಿಕೊಂಡ ಒಂದು ಚಿಕ್ಕ ತೇಪೆ. ಉದ್ದನೆಯದರಿಂದ ಒಂದು ಸಣ್ಣ ಗೆರೆ ಹೊರಟು ಚಿಕ್ಕದರ ಮೇಲೆ ಅಡ್ಡಲಾಗಿ ಬಿದ್ದಿತ್ತು. ಶೆಡ್ಡಿನ ಕಾಲದಲ್ಲಿ ಬೆಳೆದ ರೇವಣಸಿದ್ಧನಿಗೆ ಅದು ಏನೆಂದು ತಿಳಿಯಲಿಲ್ಲ. ಕೂಸಿನ ಮೇಲೆ ಕೈಹಾಕಿ ಮಲಗಿದ ತಾಯಿಯನ್ನು ಅವಳು ನೋಡಿದ ಕೂಡಲೇ ಗುರುತು ಹಿಡಿದಳು. ಅವಳ ಕಣ್ಣುಗಳು ತುಂಬಿ ಬಂದವು, ಹುಡುಗ ಗಾಬರಿಯಾಗಿ ನೀರು ತರಲು ಓಡಿದ.

ಮಾರನೆಯ ದಿನ ಇನ್ನೂ ಪೂರ್ತಿ ಬೆಳಕು ಹರಿಯುವ ಮೊದಲೇ ಅವಳು ಓಣಿ ಸೇರಿದಳು. ಹಲೀಮಾಬಿಯ ಮನೆಯ ಹಿಂದೆ ಖಣಿಯಿಂದ ತಂದ ಏಣಿ ಒರಗಿಸಿತ್ತು. ಹತ್ತಿದಳು. ಸಂದಿಗಳ ಮೇಲೆ ಹಲಗೆ ಇಟ್ಟು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾರಿ ಮಾಡಿಕೊಂಡಿದ್ದರು. ಓಣಿಯ ಉದ್ದಕ್ಕೂ ಜನ ಮಲಗಿದ್ದರು, ಗಂಡಸರು, ಹೆಂಗಸರು, ಕೂಸುಗಳು. ಎಲ್ಲರ ಮೈಮೇಲೂ ಕೌದಿ. ಕೆಂಪು, ಹಸಿರು, ಹಳದಿ ತುಂಡುಗಳ ಕೌದಿಗಳು ಇಡೀ ಮಾಳಿಗೆಯನ್ನು ಮುಚ್ಚಿಬಿಟ್ಟಿದ್ದವು. ಸುತ್ತ ಕುದಿಯುತ್ತಿದ್ದ ಆ ಸೀಮೆಯಲ್ಲಿ ಅವಳ ಇಬ್ಬನಿ ಹಾಳೆಯ ಮೇಲೆ ಮಾತ್ರ ಮನುಷ್ಯರಿಗೆ ಚಳಿಯಾಗುತ್ತಿತ್ತು.

ಅಂಚಿನಲ್ಲಿ ಮಲಗಿದ್ದ ಭಾಗಮ್ಮ ಕಣ್ಣು ಬಿಟ್ಟಳು. ಸಿಕ್ಕಿಬಿದ್ದವಳ ಗಾಬರಿ ಅವಳ ಮುಖದಲ್ಲೇನೂ ಇರಲಿಲ್ಲ. ಕೌದಿಯ ಒಂದು ತುದಿ ಎತ್ತಿ, “ಬಾ, ಮಕ್ಕೊ. ಥಂಡಿ ಅದ” ಎಂದಳು.

ನೀಲಗಂಗಾ ಮಲಗಿದಳು. ಕೆಳಗಿನ ತಂಪು ಬೆನ್ನಿಗೆ ಹತ್ತಿತು, ಮೇಲಿನ ಕೌದಿಯ ಬಿಸಿ ಎದೆಗೆ ಹತ್ತಿತು. ಟ್ರಂಕಿನ ನುಸಿಗುಳಿಗೆಯ ವಾಸನೆ. ಆಕಾಶ ಬೂದಿಬಣ್ಣಕ್ಕೆ ತಿರುಗುತ್ತಿತ್ತು, ಉಳಿದಿದ್ದ ಒಂದೆರಡು ಚುಕ್ಕೆಗಳು ಒಂದೊಂದಾಗಿ ಆರುತ್ತಿದ್ದವು. ಅವಳಿಗೆ ಅಳು ತಡೆಯಲಾಗಲಿಲ್ಲ. ಬದುಕಿನಲ್ಲಿ ಇಷ್ಟು ಸುಖ ಉಳಿದಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಹೊತ್ತು ಮೂಡುವವರೆಗೂ ಅವಳು ಏಳಲಿಲ್ಲ.

ಎದ್ದ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾಳೆ ಆಕಾಶವನ್ನು ಕಾಣಬೇಕು. ಅದರ ಮೇಲೆ ಜಮಖಾನೆ, ಮೇಲೆ ಮನುಷ್ಯ, ಮೇಲೆ ಕೌದಿ ಬಿದ್ದರೆ ಅದರ ಬಾಯಿ ಕಟ್ಟಿದ ಹಾಗೆ. ರಾತ್ರಿ ನೀವು ಹೊದ್ದುಕೊಂಡಷ್ಟೂ ಹಗಲು ನಿಮ್ಮ ಕೋಣೆ ಕಾಯುತ್ತದೆ.

“ನನ್ನ ಮೊಮ್ಮಗಳಿಗಿ ಮೈತುಂಬ ಬೆವರಗುಳ್ಳಿ ಎದ್ದಾವ,” ಎಂದಳು ಹಲೀಮಾಬಿ ತಗ್ಗಿದ ದನಿಯಲ್ಲಿ. “ಅದಕ್ಕೇ ಏನವಾ?”

“ಅದಕ್ಕೇ.”

ಹಲೀಮಾಬಿಯ ಗಂಡ ಮೌಲಾಸಾಬ ಖಣಿಯ ಮೇಸ್ತ್ರಿ, ಅವನು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ, “ಹಂಗಾರ ಮ್ಯಾಲ ಹೋಗೋದು ಬಂದ್ ಮಾಡ್ರಿ ಅಂತೀರಿ” ಎಂದ. ಹೌದು ಎನ್ನಲು ನೀಲಗಂಗಾಳಿಗೆ ನಾಲಗೆ ಹೊರಳಲಿಲ್ಲ.

ಮಂಡಳಿಯ ಅಧಿಕಾರಿ ಪಟವಾರಿಯವರಿಗೆ ಆ ತೊಂದರೆ ಇರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ಸತ್ತ ಕೂಸುಗಳ ಬೇಸಿಗೆಗಳನ್ನು ಕಣ್ಣಾರೆ ಕಂಡವರು. “ಮಾಳಿಗೆ ಸುತ್ತ ತಂತಿ ಹಾಕಿ, ಏಣಿ ತೆಗೆಸಿ. ಮುಂದಿನ ಅಮಾವಾಸ್ಯೆಗೆ ಕೊನೆಯ ಅಳತೆ. ಹಗಲಿನ ಮೂವತ್ತು ಮುಖ್ಯ, ರಾತ್ರಿಯ ಮೋಜಲ್ಲ” ಎಂದರು.

“ಅವರು ಇಪ್ಪತ್ತು ವರ್ಷದಿಂದ ಆಕಾಶ ನೋಡಿಲ್ಲ ಸರ್.”

“ಆಕಾಶ ತೋರಿಸ್ಲಿಕ್ಕೆ ನಾವು ಮನಿ ಕಟ್ಟಿಲ್ಲ ಮೇಡಂ. ಜೀವ ಉಳಿಸ್ಲಿಕ್ಕೆ ಕಟ್ಟೀವಿ.”

ನೀಲಗಂಗಾ ಅಲ್ಲಿಂದ ಎದ್ದಳು. ಕಾರ್ಖಾನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತಳು. ರೇವಣಸಿದ್ಧ ಸುಮ್ಮನೆ ಚಹಾ ತಂದಿಟ್ಟ. ಅರ್ಧ ಮಾಳಿಗೆಯನ್ನು ಮಲಗಲು ಬಿಟ್ಟು, ಇನ್ನರ್ಧ ಬರಿಹಾಳೆಯಾಗಿ ಉಳಿಸಿದರೆ? ಲೆಕ್ಕ ಹಾಕಿದರು. ಮೂವತ್ತೆರಡು. ತಂಪು ಸಾಲದು. ಹಾಳೆಯನ್ನು ದೊಡ್ಡದು ಮಾಡುವಂತಿಲ್ಲ, ಬೆಲೆ ಏರುತ್ತದೆ. ಹಾಗಾದರೆ ಒಳಗೆ ಬರುವ ಶಾಖವನ್ನಾದರೂ ತಗ್ಗಿಸಬೇಕು. ಶಾಖ ಎಲ್ಲಿಂದ ಬರುತ್ತದೆ? ನಾಲ್ಕೂ ಗೋಡೆಗಳಿಂದ. ನಾಲ್ಕೂ ಗೋಡೆಗಳು ಬಿಸಿಲಿಗೆ, ಬಿಸಿಗಾಳಿಗೆ ಮೈಯೊಡ್ಡಿ ನಿಂತಿವೆ. ಯಾಕೆ ನಿಂತಿವೆ?

ಅವಳು ಚಹಾದ ಲೋಟ ಕೆಳಗಿಟ್ಟಳು. “ಸಂದಿ,” ಎಂದಳು. “ಸಂದಿ ತೆಗೆದು ಲೆಕ್ಕ ಹಾಕು. ಗೋಡೆಗೆ ಗೋಡೆ ಹತ್ತಿಸು.”

ಗೋಡೆಗೆ ಗೋಡೆ ಹತ್ತಿದರೆ ಮನೆಗೆ ಎರಡೇ ಗೋಡೆ ಬಿಸಿಲಿಗೆ ಉಳಿಯುತ್ತವೆ. ಅರ್ಧ ಮಾಳಿಗೆಯ ಮೇಲೆ ಜನ ಕೌದಿ ಹೊದ್ದು ಮಲಗಿದರೂ ಮಧ್ಯಾಹ್ನದ ಅಂಕಿ ಮೂವತ್ತರ ಕೆಳಗೇ ನಿಂತಿತು. ಹಳೆಯ ಹಾಸಗಲ್ಲದ ಓಣಿಗಳು ಹಾಗೇ ಇದ್ದವು, ಒಂದರ ಭುಜಕ್ಕೆ ಒಂದು ಭುಜ ಕೊಟ್ಟ ಮನೆಗಳು. ಅದನ್ನೆಲ್ಲ ನೋಡುತ್ತ ಬೆಳೆದೂ ನಕ್ಷೆ ಬರೆಯುವಾಗ ತನಗೇಕೆ ಹೊಳೆಯಲಿಲ್ಲ ಎಂದು ಅವಳು ತನ್ನನ್ನು ತಾನೇ ಬೈದುಕೊಂಡಳು.

ಲೆಕ್ಕ ಒಪ್ಪಿತು, ಇನ್ನು ಮನುಷ್ಯರು ಒಪ್ಪಬೇಕಾಗಿತ್ತು. ಸಂಜೆ ಓಣಿಯಲ್ಲಿ ಮಾತು ಎತ್ತಿದ ಕೂಡಲೇ ಭಾಗಮ್ಮ ಎದ್ದು ನಿಂತಳು.

“ಆಗಂಗಿಲ್ಲ. ಶೆಡ್ಡಿನ್ಯಾಗ ಇಷ್ಟು ವರ್ಷ ಈ ಹಲೀಮಾನ ಗೊರಕಿ ಕೇಳೀನಿ. ಇನ್ನಾ ಕೇಳ್ಲಾಕ ನನ್ನ ಕಿವ್ಯಾಗ ಜಾಗಾ ಇಲ್ಲ.”

“ನನ್ನ ಗೊರಕಿ ಇಲ್ದಿದ್ರ ನಿನಗ ನಿದ್ದಿ ಎಲ್ಲಿ ಬರ್ತಿತ್ತು?” ಎಂದಳು ಹಲೀಮಾಬಿ. “ನಾ ಮಗಳ ಊರಿಗಿ ಹೋದಾಗ ಕಣ್ಣು ಪಿಳಿಪಿಳಿ ಬಿಟ್ಕೊಂಡು ಕುಂತಿದ್ದಿ ಅಂತ, ಎಲ್ಲರೂ ಹೇಳ್ಯಾರ.”

ಜನ ನಕ್ಕರು. ಆದರೆ ಭಾಗಮ್ಮ ನಗಲಿಲ್ಲ. “ನಾಕು ಗ್ವಾಡಿ ನನ್ನವು ಅಂತ ಅನ್ನಬೇಕಂತ ಆಸಿ ಇತ್ತು,” ಎಂದಳು ನೀಲಗಂಗಾಳ ಕಡೆ ತಿರುಗಿ. ಸ್ವಲ್ಪ ಹೊತ್ತು ಅವಳು ತನ್ನ ಗೋಡೆಯನ್ನು ಸವರುತ್ತ ನಿಂತಳು. ಹಲೀಮಾಬಿಯ ಮೊಮ್ಮಗಳು ಬೆವರುಗುಳ್ಳೆ ತುರಿಸಿಕೊಳ್ಳುತ್ತ ಅಜ್ಜಿಯ ಸೊಂಟದ ಮೇಲೆ ಅಳುತ್ತಿದ್ದಳು. ಭಾಗಮ್ಮ ಆ ಕೂಸನ್ನು ಎತ್ತಿಕೊಂಡಳು. “ನೂಕ್ರಿ,” ಎಂದಳು, “ನನ್ನ ಮನಿಯಿಂದನೇ ಸುರು ಮಾಡ್ರಿ.”

ಕಾರ್ಖಾನೆಯ ಮನೆಗೆ ಒಂದು ಅನುಕೂಲವಿತ್ತು, ಅದರ ಬೇರು ನೆಲದಲ್ಲಿ ಇರಲಿಲ್ಲ. ಕ್ರೇನಿಗೆ ಕಾಯುವಷ್ಟು ಪುರಸೊತ್ತು ಇಲ್ಲದ ಕಾರಣ ಖಣಿಯ ಜನವೇ ಕೈಹಾಕಿದರು. ನಸುಕಿನಲ್ಲೇ ಹಾರೆ ಕೊಟ್ಟು ಮನೆಯನ್ನು ಎಬ್ಬಿಸಿ, ಅಡಿಯಲ್ಲಿ ಉರುಳುವ ಕಬ್ಬಿಣದ ಪೈಪುಗಳನ್ನು ಇಟ್ಟು, ಹಗ್ಗ ಬಿಗಿದು, ಮೌಲಾಸಾಬ ಕೂಗು ಹಾಕುತ್ತಿದ್ದಂತೆ ಇಡೀ ಓಣಿ ಹೆಗಲು ಕೊಟ್ಟಿತು. ಬೆಟ್ಟದಂಥ ಕಲ್ಲುಗಳನ್ನು ಸರಿಸಿದ ಕೈಗಳಿಗೆ ಈ ಹಗುರ ಮನೆ ಯಾವ ಲೆಕ್ಕ. ಒಲೆಯ ಮೇಲಿನ ಪಾತ್ರೆಗಳು ಒಳಗೆ ಗಲಗಲ ಎನ್ನುತ್ತಿದ್ದವು. ರೇವಣಸಿದ್ಧ ಕಾರ್ಖಾನೆಯ ಬಿಳಿ ಅಂಗಿ ಬಿಚ್ಚಿಟ್ಟು ತಾನೂ ಹಗ್ಗ ಹಿಡಿದ. ಭಾಗಮ್ಮನ ಗೋಡೆ ಹಲೀಮಾಬಿಯ ಗೋಡೆಗೆ ಹೋಗಿ ಒತ್ತಿ ನಿಂತಾಗ ಒಂದು ಸಣ್ಣ ಧಡ್ ಎಂಬ ಸದ್ದಾಯಿತು. ಹಲೀಮಾಬಿ ಒಳಗೆ ಓಡಿಹೋಗಿ ಗೋಡೆ ಬಡಿದು, “ಕೇಳಸ್ತದೇನ ಭಾಗವ್ವ?” ಎಂದಳು. “ಕೇಳಸ್ತದ, ಕೇಳಸ್ತದ, ಸಾಯ್ಲಿ” ಎಂದಳು ಭಾಗಮ್ಮ. ಆಗ ಮಾತ್ರ ಅವಳ ಮುಖದಲ್ಲಿ ನಗು ಕಾಣಿಸಿತು.

ಓಣಿ ಒಂದಾದ ಮೇಲೆ ನೀಲಗಂಗಾ ಮಾಳಿಗೆಯ ಅರ್ಧಕ್ಕೆ ಬಣ್ಣದ ಗೆರೆ ಎಳೆದು, ಅಲ್ಲಿಂದಾಚೆ ಒಂದು ವಸ್ತ್ರವೂ ಬೀಳಬಾರದು ಎಂದು ಹೇಳಿದಳು. ಅವರು ಗೆರೆಯನ್ನು ದಾಟಲಿಲ್ಲ. ಮಧ್ಯಾಹ್ನದ ಅಂಕಿಗಳು ಇಳಿಯತೊಡಗಿದವು. ನಿಗಾ ಕೊಠಡಿಯ ಪರದೆಯಲ್ಲಿ ಒಂದೊಂದೇ ಮನೆ ಮೂವತ್ತರ ಕೆಳಗಿಳಿದು ಹಸಿರಾಗುವುದನ್ನು ನೋಡುತ್ತಿದ್ದರೆ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಒಂದು ಮನೆ ಮಾತ್ರ ಹಸಿರಾಗಲಿಲ್ಲ.

ಓಣಿಯ ಎರಡು ತುದಿಯ ಮನೆಗಳಿಗೆ ಒಂದು ಕಡೆ ಮಾತ್ರ ನೆರೆ, ಇನ್ನೊಂದು ಕಡೆ ಬಿಸಿಲು. ಆ ತುದಿಯದು ಅಂಗನವಾಡಿ, ಅಲ್ಲಿ ರಾತ್ರಿ ಮಲಗುವವರಿಲ್ಲ, ಅದರ ಮಾಳಿಗೆ ಪೂರ್ತಿ ಬರಿದಾಗಿ ತಣ್ಣಗಿತ್ತು. ಈ ತುದಿಯದು ಭಾಗಮ್ಮನ ಮನೆ.

ಅಮಾವಾಸ್ಯೆಯ ಅಳತೆಗೆ ಬಂದ ಪಟವಾರಿಯವರು ಎಲ್ಲ ಮನೆಗಳನ್ನೂ ಹೊಕ್ಕು ನೋಡಿದರು, ಮೆಚ್ಚಿದರು. ಕೊನೆಗೆ ನೀಲಗಂಗಾಳನ್ನು ಬದಿಗೆ ಕರೆದು, “ಮಂಜೂರು ಮಾಡ್ತೀನಿ. ಎಲ್ಲರಿಗೂ ಮನಿ ಆಗ್ತದ. ಮುಂದೆ ಕಟ್ಟೋ ಓಣಿಗಳಿಗೂ ಇದೇ ಕಟ್ಟಳೆ. ಆದರೆ ತುದಿಮನಿ ಮಾಳಗಿ ಮ್ಯಾಲ ಯಾರೂ ಮಲಗಬಾರ್ದು. ಆ ಮಾತು ನೀವೇ ಮುದುಕಿಗೆ ಹೇಳ್ರಿ” ಎಂದರು.

ಆ ಸಂಜೆ ನೀಲಗಂಗಾ ಅತ್ತೆಯ ಎದುರು ಬಂದು ಕೂತಳು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಮೊದಲು ಏಣಿ ಹತ್ತಿದವಳು ಇವಳು, ಮೊದಲು ಗೋಡೆ ಬಿಟ್ಟುಕೊಟ್ಟವಳು ಇವಳು. ಮಾಳಿಗೆ ಇಲ್ಲದೆ ಉಳಿಯುವವಳೂ ಇವಳೇ.

“ನಡುವಿನ ಮನಿ ಒಂದು ಕೊಡಸ್ತೀನಿ ಅತ್ತಿ. ಹೊಸ ಓಣ್ಯಾಗ. ನನ್ನ ಮಾತು ನಡೀತದ,” ಎಂದಳು ಎಲ್ಲ ಹೇಳಿ ಮುಗಿಸಿ.

“ಹಂಗಾರ ಈ ಮನಿ ಯಾರಿಗಿ ಕೊಡ್ತಿ?”

“ಬ್ಯಾರೆ ಯಾರಿಗಾದ್ರೂ.”

“ಅವ್ರಿಗಿ ಮಾಳಗಿ ಬ್ಯಾಡೇನು?”

ನೀಲಗಂಗಾ ತಲೆ ತಗ್ಗಿಸಿದಳು. “ನನ್ನ ಸಣ್ಣಾಕಿದ್ದಾಗ ಆ ಮಾಳಗಿ ಮ್ಯಾಲ ಮಲಗಿಸ್ತಿದ್ದಿ. ಆ ನಿದ್ದಿ ನಿನಗ ತಿರುಗಿ ಕೊಡಬೇಕು ಅಂತ ಇತ್ತು ಅತ್ತಿ. ನಮ್ಮ ಮನಿ ಮಾಳಗಿ ಹಂಗ ಒಂದು ನಿನಗ ಮಾಡ್ಕೊಡಬೇಕು ಅಂತ.”

ಭಾಗಮ್ಮ ಅವಳನ್ನು ಬಿಟ್ಟ ಕಣ್ಣಿನಿಂದ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ನಮ್ಮ ಮನಿಗಿ ಎಲ್ಲಿ ಮಾಳಗಿ ಇತ್ತ ಹುಚ್ಚಿ? ನಮ್ಮದು ತಗಡಿನ ಮನಿ. ಹೊತ್ತು ಮುಳುಗಿದ್ರೂ ಒಲಿ ಮ್ಯಾಲಿನ ಹಂಚು ಕಾದಂಗ ಕಾಯ್ತಿತ್ತು. ನೀ ಮಕ್ಕೊಂಡಿದ್ದು ಪಕ್ಕದ ಲಾಡ್ಲೆಸಾಬರ ಮಾಳಗಿ ಮ್ಯಾಲ. ಅವ್ರ ಹೇಣ್ತಿ ಖುರ್ಷಿದಾ ಮಾಮಿ ದಿನಾ ಸಂಜಿಕಿ ಮ್ಯಾಲಿಂದ ಕೂಗ್ತಿದ್ಳು, ‘ಭಾಗಾ, ಪೋರಿನ್ನ ಕಳಸು, ಜಾಗಾ ಮಾಡೀನಿ’ ಅಂತ. ಆಕಿ ಹಾಡು ಅಂದ್ಕೋತ ನಿನ್ನ ತಲ್ಯಾಗ ಕೈ ಆಡಿಸಿದ್ರೇನೇ ನಿನಗ ನಿದ್ದಿ.”

ನೀಲಗಂಗಾ ಇಷ್ಟು ವರ್ಷ ತನ್ನದು ಎಂದು ನೆನೆನೆನೆದು ಬದುಕಿದ್ದ ಮಾಳಿಗೆ ಬೇರೆಯವರದು. ಕತ್ತಲಲ್ಲಿ ಗುನುಗುತ್ತಿದ್ದ ಆ ದನಿಗೆ ಈಗ ಹೆಸರು ಬಂತು. ಮಾಮಿಯ ಮುಖ ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

“ಆಕಿ ಯಾವತ್ತೂ ಇದು ನಮ್ಮ ಮಾಳಗಿ ಅನ್ಲಿಲ್ಲೇನು?” ಎಂದು ಕೇಳಿದಳು.

“ಅನ್ನಬೇಕಂತ ಆಕಿಗಿ ಹೊಳೀಲೇ ಇಲ್ಲೇನೋ. ಅದಕ್ಕೇ ನೀ ನಮ್ಮದು ಅಂದ್ಕೊಂಡಿದ್ದಿ.”

ಹೊರಗೆ ಹೊತ್ತು ಮುಳುಗುತ್ತಿತ್ತು. ಮೇಲಿನಿಂದ ಹಲೀಮಾಬಿ ಮಾಳಿಗೆಯ ಅಂಚಿಗೆ ಬಂದು ಬಗ್ಗಿ, ಗೆರೆಯ ಈಚೆ ಜಮಖಾನೆ ಹಾಸಿಯಾಯಿತು, ಇನ್ನೂ ಎಷ್ಟು ಹೊತ್ತು ಎಂದು ರೇಗುತ್ತಿದ್ದಳು. ಭಾಗಮ್ಮ ಗೋಡೆ ಹಿಡಿದು ಎದ್ದಳು. ತನ್ನ ತಲೆಯ ಮೇಲಿನ ಬರಿದಾದ ಮಾಳಿಗೆಯನ್ನು ಒಮ್ಮೆಯೂ ನೋಡದೆ, ಕೌದಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಮನೆಯ ಏಣಿಯ ಕಡೆ ನಡೆದಳು. ಏಣಿಯ ಕೆಳಗೆ ನಿಂತು ಹಿಂದಕ್ಕೆ ತಿರುಗಿ, “ನೀನೂ ಬಾ ನೀಲಾ,” ಎಂದಳು, “ಇನ್ನೊಬ್ರಿಗಿ ಜಾಗಾ ಆಗ್ತದ.”